ಮನೆಯ ಅಂಕಣದಲ್ಲಿ ಟೆನಿಸ್ ಅಂಕಣ

ಇನ್‌ಸ್ಟಾಗ್ರಾಂನಲ್ಲಿ ಮನೆ ಅಲಂಕಾರದ ರೀಲ್ಸ್ ನೋಡೋ ಅಭ್ಯಾಸ ಇದ್ರೆ ‘ಟೆನಿಸ್‌ಕೋರ್’ ಅನ್ನೋ ಪದ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತೆ. ಮೊದಲು ಅದು ಬಟ್ಟೆಗಷ್ಟೇ ಇತ್ತು. ಬಿಳಿ ನೆರಿಗೆ ಸ್ಕರ್ಟು, ಕಾಲರ್ ಟೀಶರ್ಟು, ಬಿಳಿ ಶೂ. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ರು. ಅದೇ ವರ್ಷ ‘ಚಾಲೆಂಜರ್ಸ್’ ಸಿನಿಮಾನೂ ಬಂತು. ಆಮೇಲೆ ಈ ಗಾಳಿ ಬಟ್ಟೆ ಬೀರುವಿನಿಂದ ಹಾಲ್‌ಗೂ ಬೀಸಿತು. ಹಸಿರು ಗೋಡೆ, ಅದರ ಮೇಲೆ ಬಿಳಿ ಗೆರೆ, ಹಳದಿ ಕುಶನ್ನು, ಮೊಳೆಗೆ ನೇತುಹಾಕಿದ ಹಳೇ ಮರದ ರಾಕೆಟ್ಟು.

ನೋಡೋಕೆ ಚೆಂದವೇ. ಆದ್ರೆ ನಾನು ಮೊಳಕಾಲ್ಮುರು ತಾಲ್ಲೂಕಿನವಳು. ಬ್ರಹ್ಮಗಿರಿ ಬೆಟ್ಟ ಕಾಣೋ ಊರು ನಮ್ಮದು. ನಮ್ಮ ಕಡೆ ‘ಟೆನಿಸ್ ಬಾಲ್’ ಅಂದ್ರೆ ಕ್ರಿಕೆಟ್ ಆಡೋ ಬಾಲು. ನೆಟ್ ಕಟ್ಟಿ ಟೆನಿಸ್ ಆಡಿದ್ದನ್ನ ನಮ್ಮೂರಲ್ಲಿ ಯಾರೂ ಕಂಡಿಲ್ಲ. ಮತ್ತೆ ಈ ಸ್ಟೈಲ್ ನಮಗೆ ಹೊಂದೋದು ಹೇಗೆ?

ಹೊಂದುತ್ತೆ. ನನ್ನ ಮಟ್ಟಿಗೆ ಇದು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಿಂತ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮನೆಗೇ ಚೆನ್ನಾಗಿ ಹೊಂದುತ್ತೆ. ಯಾಕೆ ಅಂತ ಹೇಳೋಕೆ ಮೊದಲು ನಮ್ಮ ಮನೆ ಕಥೆ ಸ್ವಲ್ಪ ಹೇಳಬೇಕು.

ಲಾನ್ ಬೇಕು ಅಂದ್ರೆ ಮಗ್ಗ ಹೋಗಬೇಕು

ಕಳೆದ ವರ್ಷ ನಾನು, ನನ್ನ ತಂಗಿ ಸೇರಿ ಊರಲ್ಲಿ ಅಪ್ಪ-ಅವ್ವನಿಗೆ ಆರ್‌ಸಿಸಿ ಮನೆ ಕಟ್ಟಿಸಿದ್ವಿ. ಲೋನ್ ನನ್ನ ಹೆಸರಲ್ಲಿದೆ. ಹೊಸ ಮನೆಯ ಪಕ್ಕದಲ್ಲೇ ನಮ್ಮ ಹಳೇ ಮಾಳಿಗೆ ಮನೆ ಇದೆ. ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮಣ್ಣಿನ ಚಾವಣಿ. ಅದರ ಪಡಸಾಲೆಯಲ್ಲಿ ಅಪ್ಪನ ಗುಂಡಿ ಮಗ್ಗ. ಅಪ್ಪ ಕಂಬಳಿ ನೇಯೋರು. ಕೊಳ್ಳೋರು ಕಡಿಮೆಯಾದ ಮೇಲೆ ಮಗ್ಗದ ಮೇಲೆ ಮೂಟೆಗಳು ಕೂತು ಹತ್ತು ವರ್ಷವೇ ಆಗಿತ್ತು. ಅವ್ವ ಮಾತ್ರ ಬಿಡುವಾದಾಗ ರಾಟೆ ಹಿಡಿದು ನೂಲ್ತಿದ್ಲು.

ತಂಗಿ ಬೆಂಗಳೂರಲ್ಲಿ ಕಾಲೇಜು ಓದೋವಾಗ ಟೆನಿಸ್ ಕಲಿತೋಳು. ಈಗಲೂ ವಾರಕ್ಕೆರಡು ದಿನ ಆಡ್ತಾಳೆ. ಹೊಸ ಹಾಲ್ ಟೆನಿಸ್ ಥೀಮಲ್ಲೇ ಇರಬೇಕು ಅಂತ ಅವಳ ಆಸೆ. ಒಬ್ಬ ಇಂಟೀರಿಯರ್ ಡಿಸೈನರ್ ಹತ್ರ ಪ್ಲಾನ್ ಹಾಕಿಸಿದ್ವಿ. ಹಸಿರು ವಾಲ್‌ಪೇಪರ್, ಫಾಲ್ಸ್ ಸೀಲಿಂಗ್, ರಾಕೆಟ್ ಆಕಾರದ ಕನ್ನಡಿ ಎಲ್ಲಾ ಸೇರಿ 4.2 ಲಕ್ಷ. ಅದರ ಜೊತೆಗೆ ಇನ್ನೊಂದು ಸಲಹೆ: ಹಳೇ ಮನೆ ಒಡೆದು ಆ ಜಾಗದಲ್ಲಿ ಲಾನ್ ಮಾಡಿ, ಟೆನಿಸ್ ಲುಕ್ ಹೊರಗಿನಿಂದಲೇ ಶುರುವಾಗುತ್ತೆ.

ಅಪ್ಪ ಪ್ಲಾನ್ ಹಾಳೆಯನ್ನ ತಿರುಗಿಸಿ ತಿರುಗಿಸಿ ನೋಡಿದ್ರು. “ಒಡೆಯಂಗಿದ್ರೆ ಒಡೀರವ್ವ, ಹೆಂಗೂ ಸೋರ್ತೈತೆ. ಆದ್ರೆ ಆ ಹುಲ್ಲಿಗೆ ನೀರೆಲ್ಲಿಂದ ತರ್ತೀರಿ?” ಅಂತಷ್ಟೇ ಕೇಳಿದ್ರು.

ಆ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇರಲಿಲ್ಲ. ರಾಜ್ಯದಲ್ಲೇ ಮಳೆ ಅತಿ ಕಡಿಮೆ ಬೀಳೋ ತಾಲ್ಲೂಕುಗಳು ಚಳ್ಳಕೆರೆ, ಮೊಳಕಾಲ್ಮುರು. ಅವತ್ತು ರಾತ್ರಿ ತಂಗಿ, ನಾನು ಒಂದು ಹಾಳೆ ತಗೊಂಡು ಕೂತ್ವಿ. ಟೆನಿಸ್ ಅಂಕಣದಲ್ಲಿ ನಿಜವಾಗಿ ಏನೇನಿರುತ್ತೆ ಅಂತ ಪಟ್ಟಿ ಮಾಡಿದ್ವಿ. ಅದರಲ್ಲಿ ಮುಕ್ಕಾಲು ಪಾಲು ವಸ್ತು ನಮ್ಮ ಹಳೇ ಮನೆಯಲ್ಲೇ ಇತ್ತು.

‘ಅಂಕಣ’ ಅನ್ನೋ ಪದವೇ ನೋಡಿ. ಪತ್ರಿಕೆಯವರು ಟೆನಿಸ್ ಕೋರ್ಟಿಗೆ ಬಳಸೋದು ಇದೇ ಪದ. ನಮ್ಮ ಕಡೆ ಮಾಳಿಗೆ ಮನೆಯನ್ನ ಅಳೀತಿದ್ದದ್ದೂ ಅಂಕಣದಲ್ಲೇ. ಎರಡು ತೊಲೆ ನಡುವಿನ ಜಾಗ ಒಂದು ಅಂಕಣ. ‘ಮೂರಂಕಣದ ಮನೆ’, ‘ಐದಂಕಣದ ಮನೆ’ ಅಂತ ಹಿರಿಯರು ಈಗಲೂ ಹೇಳ್ತಾರೆ.

ಕೆಮ್ಮಣ್ಣು: ಪ್ಯಾರಿಸ್ಸಿನ ಬಣ್ಣ, ನಮ್ಮ ಗೋಡೆಯ ಬಣ್ಣ

ಟೆನಿಸ್ ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರೋದು ಹಸಿರು. ಆದ್ರೆ ಟೆನಿಸ್ ನೆಲಕ್ಕೆ ಹಸಿರೊಂದೇ ಬಣ್ಣ ಅಲ್ಲ. ವಿಂಬಲ್ಡನ್ ಹುಲ್ಲಿನ ಹಸಿರು, ಆಸ್ಟ್ರೇಲಿಯನ್ ಓಪನ್ ನೀಲಿ, ಯುಎಸ್ ಓಪನ್ ನೀಲಿ-ಹಸಿರು, ಫ್ರೆಂಚ್ ಓಪನ್ ಕೆಂಪು. ರಫೇಲ್ ನಡಾಲ್ 14 ಸಲ ಗೆದ್ದ ಆ ಪ್ಯಾರಿಸ್ಸಿನ ಅಂಕಣವನ್ನ ‘ಕ್ಲೇ’ ಅಂತ ಕರೆದ್ರೂ ಅದರ ಮೇಲ್ಪದರ ಇಟ್ಟಿಗೆ ಪುಡಿ. ಬರೀ ಒಂದೆರಡು ಮಿಲಿಮೀಟರ್ ದಪ್ಪ. ಅದರ ಕೆಳಗೆ ಸುಣ್ಣಕಲ್ಲಿನ ಪುಡಿಯ ಪದರ.

ಇಟ್ಟಿಗೆ ಪುಡಿ, ಸುಣ್ಣ. ಹಿಂದೆ ನಮ್ಮ ಗಾರೆ ಕೆಲಸದವರು ಕಲಸ್ತಿದ್ದದ್ದೂ ಇವೆರಡನ್ನೇ.

ಇನ್ನು ಗೋಡೆ. ನಮ್ಮ ಸೀಮೆಯ ಹಳ್ಳಿ ಮನೆಗಳನ್ನ ನೆನಪಿಸಿಕೊಳ್ಳಿ. ಹಬ್ಬಕ್ಕೆ ಮುಂಚೆ ಹೆಂಗಸರು ಗೋಡೆಗೆ ಸುಣ್ಣ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೀತಾರೆ. ಕೆಂಪು ನೆಲ, ಬಿಳಿ ಗೆರೆ. ದೇವಸ್ಥಾನದ ಪೌಳಿಗೂ ಅದೇ ಕೆಂಪು-ಬಿಳಿ ಪಟ್ಟೆ. ಫ್ರೆಂಚ್ ಓಪನ್ ಅಂಕಣದ ಫೋಟೋ ಪಕ್ಕದಲ್ಲಿ ಈ ಗೋಡೆಯ ಫೋಟೋ ಇಟ್ಟರೆ ಎರಡೂ ಒಂದೇ ಬಣ್ಣದ ಪೆಟ್ಟಿಗೆಯಿಂದ ಬಂದ ಹಾಗೆ ಕಾಣುತ್ತೆ.

ಬ್ರಹ್ಮಗಿರಿಗಂತೂ ಕೆಂಪು ಬಣ್ಣ ತೀರಾ ಹಳೆಯದು. ಬಹಳ ಜನಕ್ಕೆ ಈ ಬೆಟ್ಟ ಗೊತ್ತಿರೋದು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನದಿಂದ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ಮಾಡಿದಾಗ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಕಪ್ಪು-ಕೆಂಪು ಮಡಕೆಗಳು ಸಿಕ್ಕವು. ಒಳಗೆ ಮತ್ತು ಬಾಯಿಯ ಹತ್ರ ಕಪ್ಪು, ಹೊರಗೆ ಕೆಳಭಾಗ ಕೆಂಪು. ಹಾಲ್‌ಗೆ ಯಾವ ಬಣ್ಣದ ಜೋಡಿ ಅಂತ ತಲೆ ಕೆಡಿಸಿಕೊಂಡವರಿಗೆ ಇದಕ್ಕಿಂತ ಒಳ್ಳೆ ಶೇಡ್ ಕಾರ್ಡ್ ಎಲ್ಲಿ ಸಿಗುತ್ತೆ?

ನಾವು ಮಾಡಿದ್ದು ಇಷ್ಟು. ಹಾಲ್‌ನ ಒಂದೇ ಒಂದು ಗೋಡೆಗೆ ಪುಟ್ಟಿ ಹಾಕಿಸಲಿಲ್ಲ. ಪ್ಲಾಸ್ಟರ್ ಒಣಗಿದ ಮೇಲೆ ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣ. ನೀವೂ ಮಾಡೋದಾದ್ರೆ ಇವು ನೆನಪಿರಲಿ:

• ಪುಟ್ಟಿ, ಪೇಂಟ್ ಆಗಿರೋ ನುಣುಪು ಗೋಡೆಗೆ ಸುಣ್ಣವಾಗಲಿ ಕೆಮ್ಮಣ್ಣಾಗಲಿ ಸರಿಯಾಗಿ ಹಿಡಿಯೋದಿಲ್ಲ, ಪದರ ಏಳುತ್ತೆ. ಅಂಥ ಗೋಡೆಗೆ ಇಟ್ಟಿಗೆ ಬಣ್ಣದ ಮ್ಯಾಟ್ ಪೇಂಟೇ ಸರಿ. ಹೊಳೆಯೋ ಪೇಂಟ್ ಬೇಡ, ಮಣ್ಣಿನ ಗುಣ ಬರೋದಿಲ್ಲ.

• ಕೆಮ್ಮಣ್ಣನ್ನ ರಾತ್ರಿ ನೆನೆಹಾಕಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಕೈಗೆ, ಬಟ್ಟೆಗೆ ಹತ್ತಬಾರದು ಅಂದ್ರೆ ಸ್ವಲ್ಪ ಗೋಂದು ಬೆರೆಸಿ. ಮೊದಲು ಒಂದು ಮೂಲೆಯಲ್ಲಿ ಅಂಗೈ ಅಗಲ ಬಳಿದು, ಒಣಗಿದ ಮೇಲೆ ಉಜ್ಜಿ ನೋಡಿ.

• ಸುಣ್ಣ ನೀರಿಗೆ ಬಿದ್ದಾಗ ಕುದಿಯುತ್ತೆ. ಮಕ್ಕಳನ್ನ ದೂರ ಇಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

• ನೆಲವನ್ನೂ ಕೆಂಪು ಮಾಡೋ ಆಸೆ ಇದ್ರೆ ರೆಡ್ ಆಕ್ಸೈಡ್ ನೆಲ ಇದೆ. ಆದ್ರೆ ಅದನ್ನ ಹಾಕೋಕೆ ಕೈ ಪಳಗಿದ ಮೇಸ್ತ್ರಿ ಬೇಕು. ಅವರು ಹಿಂದೆ ಹಾಕಿದ ನೆಲವನ್ನ ಕಣ್ಣಾರೆ ನೋಡಿಯೇ ಒಪ್ಪಿಕೊಳ್ಳಿ.

ಬಿಳಿ ಗೆರೆ: ಎರಡು ಇಂಚು, ಮೂರು ಅಡಿ

ಟೆನಿಸ್ ಲುಕ್‌ನ ಜೀವ ಇರೋದು ಗೆರೆಯಲ್ಲಿ. ಬಣ್ಣ ಎಷ್ಟೇ ಚೆನ್ನಾಗಿದ್ರೂ ಗೆರೆ ಸೊಟ್ಟಗಾದ್ರೆ ಎಲ್ಲಾ ಕೆಟ್ಟಿತು.

ಅಂಕಣದ ನಿಯಮದಲ್ಲಿ ಗೆರೆಗೂ ಅಳತೆ ಇದೆ. ನಡುವಿನ ಸರ್ವಿಸ್ ಗೆರೆ 5 ಸೆಂಟಿಮೀಟರ್ ಅಗಲ. ಹಿಂದಿನ ಬೇಸ್‌ಲೈನ್ 10 ಸೆಂಟಿಮೀಟರ್ ತನಕ ಇರಬಹುದು. ಉಳಿದವು 2.5ರಿಂದ 5ರೊಳಗೆ. ಮನೆ ಗೋಡೆಗೂ 5 ಸೆಂಟಿಮೀಟರ್, ಅಂದ್ರೆ ಎರಡು ಇಂಚು ಹದವಾಗಿ ಕಾಣುತ್ತೆ. ಅದಕ್ಕಿಂತ ಸಣ್ಣದಾದ್ರೆ ದಾರದ ಹಾಗೆ, ದೊಡ್ಡದಾದ್ರೆ ಸರ್ಕಾರಿ ಕಟ್ಟಡದ ಹಾಗೆ.

ಇನ್ನೊಂದು ಅಳತೆ ನೆಟ್‌ದು. ಟೆನಿಸ್ ನೆಟ್ ಮಧ್ಯದಲ್ಲಿ 91.4 ಸೆಂಟಿಮೀಟರ್ ಎತ್ತರ, ಸರಿಯಾಗಿ ಮೂರು ಅಡಿ. ಗೋಡೆಯ ಕೆಂಪು ನಿಂತು ಬಿಳಿ ಶುರುವಾಗೋ ಎತ್ತರವನ್ನ ನಾವು ಅಲ್ಲೇ ಇಟ್ವಿ. ಕುರ್ಚಿಯ ಬೆನ್ನು, ಮಕ್ಕಳ ಕೈ, ಎಣ್ಣೆ ಹಚ್ಚಿದ ತಲೆ ತಾಗೋದೆಲ್ಲಾ ಹೆಚ್ಚುಕಡಿಮೆ ಆ ಮೂರಡಿಯೊಳಗೇ. ಕಲೆ ಕಾಣದ ಕೆಂಪು ಅಲ್ಲಿದ್ರೆ ಅವ್ವನಿಗೂ ನೆಮ್ಮದಿ.

ಗೆರೆ ಎಳೆಯೋ ವಿಧಾನ ಸುಲಭ. ನೆಲದಿಂದ ಅಳೀಬೇಡಿ, ನೆಲ ಸಾಮಾನ್ಯವಾಗಿ ಸಮ ಇರೋದಿಲ್ಲ. ಮೇಸ್ತ್ರಿ ಹತ್ರ ಇರೋ ಟ್ಯೂಬ್ ಲೆವೆಲ್‌ನಲ್ಲಿ ಎರಡೂ ತುದಿಗೆ ಗುರುತು ಹಾಕಿಸಿ, ಸುಣ್ಣದ ಪುಡಿ ಸವರಿದ ದಾರವನ್ನ ಬಿಗಿಯಾಗಿ ಹಿಡಿದು ಮೀಟಿ. ಗೆರೆ ಮೂಡುತ್ತೆ. ಅದರ ಮೇಲೆ, ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿ ನಡುವಿನ ಎರಡಿಂಚಿಗೆ ಬಿಳಿ ಬಳಿಯಿರಿ. ಬಣ್ಣ ಪೂರ್ತಿ ಒಣಗೋ ಮುಂಚೆಯೇ ಟೇಪ್ ನಿಧಾನಕ್ಕೆ ಎಳೆದ್ರೆ ಅಂಚು ಚೂಪಾಗಿ ಬರುತ್ತೆ.

ಒಂದು ಗೋಡೆಗೆ ಒಂದೇ ಗೆರೆ ಸಾಕು. ನಾಲ್ಕೂ ಗೋಡೆಗೆ ಎಳೆದ್ರೆ ಮನೆ ಹೋಗಿ ಜಿಮ್ ಆಗುತ್ತೆ.

ಉಣ್ಣೆ: ಬಾಲ್ ಮೇಲೂ, ಹಾಸಿಗೆ ಮೇಲೂ

ಈ ಲೇಖನ ಬರೆಯೋಕೆ ನಿಜವಾದ ಕಾರಣ ಈ ಭಾಗ.

ಟೆನಿಸ್ ಬಾಲ್ ಮೇಲಿನ ಜುಂಗು ಯಾವುದರದ್ದು ಗೊತ್ತಾ? ಕುರಿಯ ಉಣ್ಣೆಗೆ ನೈಲಾನ್ ಬೆರೆಸಿ ಮಾಡಿದ ಬಟ್ಟೆ ಅದು. ಒಳಗಿರೋದು ರಬ್ಬರ್ ಚೆಂಡು. ಮೇಲಿನ ಉಣ್ಣೆ ಗಾಳಿಯನ್ನ ಹಿಡಿದು ಚೆಂಡಿನ ವೇಗ ತಗ್ಗಿಸುತ್ತೆ, ಸ್ಪಿನ್ ಮಾಡೋಕೆ ರಾಕೆಟ್ಟಿಗೆ ಹಿಡಿತ ಕೊಡುತ್ತೆ. ಹಳದಿ ಬಣ್ಣ ಆಮೇಲೆ ಬಂದದ್ದು. ಕಲರ್ ಟಿವಿಯಲ್ಲಿ ಚೆನ್ನಾಗಿ ಕಾಣಲಿ ಅಂತ 1972ರಲ್ಲಿ ನಿಯಮ ಬದಲಾಯಿಸಿದ್ರು. ವಿಂಬಲ್ಡನ್‌ನವರು 1986ರ ತನಕ ಬಿಳಿ ಚೆಂಡನ್ನೇ ಬಳಸಿದ್ರು.

ಅಂದ್ರೆ ಟೆನಿಸ್‌ನಲ್ಲಿ ಕೈಗೆ ಸಿಗೋ ಸ್ಪರ್ಶ ಉಣ್ಣೆಯದು. ಚಳ್ಳಕೆರೆಗೆ ಎಣ್ಣೆ ಗಿರಣಿಗಳಷ್ಟೇ ಹೆಸರು ತಂದದ್ದು ಕಂಬಳಿ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು. ಟೆನಿಸ್ ಬಾಲ್‌ಗೆ ಬೇಕಾದ ನಯ ಅದಕ್ಕಿಲ್ಲ. ಆದ್ರೆ ನೆಲಕ್ಕೆ ಹಾಸೋಕೆ, ಗೋಡೆಗೆ ತೂಗುಹಾಕೋಕೆ ಆ ಒರಟೇ ಬೇಕು.

ಕಂಬಳಿ ಆಗೋದು ಹೇಗೆ ಅಂತ ನೋಡದವರಿಗೆ ಚುಟುಕಾಗಿ ಹೇಳ್ತೀನಿ. ಕತ್ತರಿಸಿದ ಉಣ್ಣೆಯನ್ನ ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲ್ತಾರೆ. ಹುಣಸೆ ಬೀಜವನ್ನ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಬೇಯಿಸಿ ಗಂಜಿ ಮಾಡ್ತಾರೆ. ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆ ಆ ಗಂಜಿ ಬಳಿದು ಬಿಸಿಲಿಗೆ ಒಣಗಿಸಿದ ಮೇಲೆ ಮಗ್ಗಕ್ಕೆ ಏರಿಸೋದು. ಹೊಸ ಕಂಬಳಿ ಬಿರುಸಾಗಿ ಇರೋದು ಈ ಹುಣಸೆ ಗಂಜಿಯಿಂದ. ಬಳಸ್ತಾ ಬಳಸ್ತಾ ಮೆತ್ತಗಾಗುತ್ತೆ. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಕರಿ ಕಂಬಳಿ ಹಾಸದೆ ನಮ್ಮಲ್ಲಿ ಕೆಲಸ ಶುರುವಾಗೋದಿಲ್ಲ. ಅಷ್ಟು ಮರ್ಯಾದೆ ಇರೋ ಬಟ್ಟೆಯನ್ನ ಮಿಕ್ಕ ದಿನ ಅಟ್ಟದ ಮೇಲೆ ಸುತ್ತಿಡ್ತೀವಿ.

ತಂಗಿ ಆನ್‌ಲೈನ್‌ನಲ್ಲಿ ಒಂದು ರಗ್ ಆರಿಸಿದ್ಲು. ಕಪ್ಪು ಮೈ, ಸುತ್ತ ಬಿಳಿ ಗೆರೆ, ಕೋರ್ಟಿನ ಹಾಗೆ. ಪಾಲಿಯೆಸ್ಟರ್‌ದು, ಬೆಲೆ ಹದಿಮೂರು ಸಾವಿರ. ಅಪ್ಪನಿಗೆ ಫೋನಲ್ಲಿ ತೋರಿಸಿದ್ಲು. ಅಪ್ಪ ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, “ಇದು ಕಂಬ್ಳಿ ಅಂಚು ಅಲ್ವೇನವ್ವ?” ಅಂದ್ರು. ಆಮೇಲೆ ಅಳತೆ ಕೇಳಿದ್ರು. ಮರುದಿನ ಮಗ್ಗದ ಮೇಲಿನ ಮೂಟೆ ಇಳಿಸಿದ್ರು.

ಆ ಹಾಸು ನೇಯೋಕೆ ಒಂದೂವರೆ ತಿಂಗಳು ಹಿಡೀತು. ಒಂದೇ ಅಗಲದಲ್ಲಿ ಅಷ್ಟು ದೊಡ್ಡದು ಬರೋದಿಲ್ಲ ಅಂತ ಎರಡು ಪಟ್ಟಿ ನೇಯ್ದು ನಡುವೆ ಹೊಲಿದ್ರು. ಆ ಹೊಲಿಗೆಯೇ ಈಗ ಅಂಕಣದ ನಡುಗೆರೆ. ನೂಲು ಅವ್ವಂದು. ಆನ್‌ಲೈನ್ ರಗ್ಗಿಗೆ ಇಟ್ಟಿದ್ದ ಹದಿಮೂರು ಸಾವಿರವನ್ನ ತಂಗಿ ಅಪ್ಪನಿಗೇ ಕೊಟ್ಲು. ಬೇಡ ಅಂತಾರೇನೋ ಅಂದುಕೊಂಡಿದ್ವಿ. ಎಣಿಸಿ ನೋಡಿ, ಅರ್ಧ ಅವ್ವನ ಕೈಗಿಟ್ಟು, ಉಳಿದದ್ದನ್ನ ಜೇಬಿಗೆ ಹಾಕಿಕೊಂಡ್ರು. “ಮಗಳಾದ್ರೂ ಗಿರಾಕಿ ಗಿರಾಕೀನೇ” ಅಂದ್ರು.

ಅದು ಸರಿಯಾದ ಮಾತು. ಕಂಬಳಿ ಉಳೀಬೇಕು ಅಂತ ಭಾಷಣ ಮಾಡೋರು ಬಹಳ ಜನ, ಬೆಲೆ ಕೊಟ್ಟು ಕೊಳ್ಳೋರು ಕಡಿಮೆ. ಉಣ್ಣೆಗೆ ಒಳ್ಳೆ ಬೆಲೆ ಸಿಗದೆ, ಕುರಿಯ ತುಪ್ಪಟ ಕತ್ತರಿಸೋ ಕೂಲಿಯೂ ಹುಟ್ಟೋದಿಲ್ಲ ಅಂತ ಕುರಿಗಾರರು ಹೇಳೋದನ್ನ ನಾನೇ ಕೇಳಿದ್ದೀನಿ. ನಿಮ್ಮ ಹಾಲ್‌ಗೆ ಹೇಗೂ ರಗ್ ಕೊಳ್ತೀರಿ ಅಂತಾದ್ರೆ ಒಂದು ಸಲ ಚಳ್ಳಕೆರೆಯಲ್ಲಿ ನೇಯೋರ ಹತ್ರವೇ ಹೋಗಿ ನೋಡಿ. ಅಳತೆ, ಅಂಚಿನ ಅಗಲ ನೀವೇ ಹೇಳಬಹುದು. ಆತುರ ಮಾತ್ರ ಮಾಡಬೇಡಿ.

ಇನ್ನೊಂದು ಲಾಭ ಇದೆ. ಹೊಸ ಆರ್‌ಸಿಸಿ ಹಾಲ್‌ಗಳಲ್ಲಿ ಮಾತಾಡಿದ್ರೆ ಗುಂಯ್ ಅಂತ ಪ್ರತಿಧ್ವನಿ ಬರುತ್ತಲ್ಲ, ದಪ್ಪ ಕಂಬಳಿ ನೆಲಕ್ಕೆ ಹಾಸಿದ್ರೆ ಅಥವಾ ಗೋಡೆಗೆ ತೂಗಿದ್ರೆ ಅದು ಕಡಿಮೆಯಾಗುತ್ತೆ. ಊರಿನಿಂದ ವಿಡಿಯೋ ಕಾಲ್‌ನಲ್ಲಿ ಆಫೀಸ್ ಮೀಟಿಂಗ್ ಮಾಡೋರಿಗೆ ಇದು ಸಣ್ಣ ವಿಷಯ ಅಲ್ಲ. ನೋಡಿಕೊಳ್ಳೋದೂ ಸುಲಭ: ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೊಡವಿ. ಮಡಿಸಿಡೋದಾದ್ರೆ ಒಣಗಿದ ಬೇವಿನ ಎಲೆ ಇಡಿ.

ಹಸಿರು ಬೇಕೇ ಬೇಕು ಅನ್ನೋರಿಗೆ

ಹಾಗಂತ ಹಸಿರು ಬಿಡಬೇಕಾಗಿಲ್ಲ. ಆದ್ರೆ ನಮ್ಮ ಹವೆಗೆ ಲಾನ್ ಸಾಕೋದು ಅಂದ್ರೆ ಬೋರ್‌ವೆಲ್ ನೀರನ್ನ ನೆಲಕ್ಕೆ ಚೆಲ್ಲಿದ ಹಾಗೆ. ವಿಂಬಲ್ಡನ್ ಹುಲ್ಲನ್ನ ಪಂದ್ಯದ ಹೊತ್ತಿಗೆ 8 ಮಿಲಿಮೀಟರ್‌ಗೆ ಕತ್ತರಿಸಿ ಇಡ್ತಾರೆ. ಅದಕ್ಕೆ ವರ್ಷವಿಡೀ ಆರೈಕೆ ಬೇಕು. ಅಷ್ಟಾದ್ರೂ ಎರಡನೇ ವಾರಕ್ಕೆ ಬೇಸ್‌ಲೈನ್ ಹತ್ರ ಹುಲ್ಲು ಸವೆದು ಕಂದು ಮಣ್ಣು ಕಾಣುತ್ತೆ. ಪ್ಲಾಸ್ಟಿಕ್ ಹುಲ್ಲು ಹಾಸಿದ್ರೆ ಹೇಗೆ ಅಂತೀರಾ? ಮಧ್ಯಾಹ್ನದ ಬಿಸಿಲಿಗೆ ಅದರ ಮೇಲೆ ಬರಿಗಾಲು ಇಡೋಕಾಗೋದಿಲ್ಲ.

ವಿಂಬಲ್ಡನ್‌ನವರ ಗುರುತಿನ ಬಣ್ಣ 1909ರಿಂದ ಎರಡು: ಕಡು ಹಸಿರು ಮತ್ತು ನೇರಳೆ. ಈ ಜೋಡಿ ಕೇಳಿದ ಕೂಡಲೇ ಅವ್ವ ಹೇಳಿದ್ದು, “ಮೊಣಕಾಲ್ಮೂರು ಸೀರೇಲಿ ಐತಲ್ಲ.” ಮೈ ಒಂದು ಬಣ್ಣ, ಅಂಚು ಅದಕ್ಕೆ ಎದುರಾದ ಇನ್ನೊಂದು ಬಣ್ಣ, ಇದೇ ತಾನೇ ನಮ್ಮ ರೇಷ್ಮೆ ಸೀರೆಯ ಸೊಗಸು. ಜಿಐ ಮಾನ್ಯತೆ ಪಡೆದ ನೇಯ್ಗೆ ಅದು. ಹೊಸ ಸೀರೆಗೆ ಕತ್ತರಿ ಹಾಕಬೇಡಿ. ಮಡಿಕೆಯಲ್ಲಿ ಹರಿದು ಉಡೋಕೆ ಬಾರದ ಸೀರೆ ಬೀರುವಿನಲ್ಲಿ ಇದ್ದರೆ ಅದರ ಅಂಚನ್ನ ಬಿಳಿ ಹತ್ತಿಯ ಕುಶನ್ ಕವರ್‌ಗೆ ಪಟ್ಟಿಯಾಗಿ ಹೊಲಿಸಿ. ಎರಡು ಕುಶನ್ ಸಾಕು, ಸೋಫಾಕ್ಕೆ ಕಳೆ ಬರುತ್ತೆ.

ಜೀವಂತ ಹಸಿರಿಗೆ ಲೋಳೆಸರ, ಸ್ನೇಕ್ ಪ್ಲಾಂಟ್ ಇವೆ. ವಾರಕ್ಕೊಂದು ಚೊಂಬು ನೀರು ಸಾಕು. ಅವನ್ನ ಮಣ್ಣಿನ ಕುಂಡದಲ್ಲೇ ಇಡಿ. ಕುಂಡದ ಬಾಯಿಗೆ ಸುತ್ತ ಒಂದು ಸುಣ್ಣದ ಗೆರೆ ಎಳೆದ್ರೆ ಗೋಡೆಗೂ ಅದಕ್ಕೂ ನಂಟು ಬೆಳೆಯುತ್ತೆ.

ರಾಕೆಟ್ ಬದಲು ಹೊರಸು

ಹಳೇ ಮರದ ರಾಕೆಟ್ ಗೋಡೆಗೆ ನೇತುಹಾಕೋದು ಈ ಸ್ಟೈಲ್‌ನ ಮಾಮೂಲಿ ವಸ್ತು. ನಿಮ್ಮ ಮನೆಯಲ್ಲಿ ಯಾರೋ ಆಡಿದ ರಾಕೆಟ್ ಇದ್ರೆ ಖಂಡಿತ ಹಾಕಿ. ಇಲ್ಲದಿದ್ರೆ ‘ವಿಂಟೇಜ್’ ಅಂತ ಮಾರೋ ರಾಕೆಟ್ಟಿಗೆ ಸಾವಿರಾರು ರೂಪಾಯಿ ಸುರೀಬೇಡಿ. ಬಂದ ನೆಂಟರು “ಯಾರು ಆಡ್ತಿದ್ರು?” ಅಂತ ಕೇಳಿದಾಗ ಏನು ಹೇಳ್ತೀರಿ?

ರಾಕೆಟ್ಟಿನ ಚೆಲುವು ಅದರ ಹೆಣಿಗೆಯಲ್ಲಿದೆ. ಮರದ ಚೌಕಟ್ಟು, ಅದರೊಳಗೆ ಅಡ್ಡ-ಉದ್ದ ಬಿಗಿದ ತಂತಿ. ನಮ್ಮ ಹೊರಸೂ ಅದೇ ಅಲ್ವಾ? ಮರದ ಚೌಕಟ್ಟು, ಒಳಗೆ ಹಗ್ಗದ ಹೆಣಿಗೆ, ಸಡಿಲವಾದ್ರೆ ಕಾಲ ಕಡೆಯಿಂದ ಎಳೆದು ಬಿಗಿ ಮಾಡೋದು. ನಾವು ತಾತನ ಹೊರಸಿಗೆ ಬಿಳಿ ಹತ್ತಿ ಹಗ್ಗದಲ್ಲಿ ಹೊಸ ಹೆಣಿಗೆ ಹಾಕಿಸಿದ್ವಿ. ಹಾಲ್‌ನಲ್ಲಿ ಕೂರೋಕೆ ಅದೇ ದಿವಾನ. ತಂಗಿಯ ರಾಕೆಟ್ ಮಾತ್ರ ಬಾಗಿಲ ಹಿಂದಿನ ಮೊಳೆಯಲ್ಲಿದೆ, ಅವಳು ಬಂದಾಗ ಆಡೋಕೆ.

ಖಾಲಿ ಜಾಗವೂ ಅಂಕಣವೇ

ಟೆನಿಸ್ ಅಂಕಣದಿಂದ ಕಲಿಯೋ ದೊಡ್ಡ ಪಾಠ ಬಣ್ಣದ್ದಲ್ಲ, ಜಾಗದ್ದು. ಗೆರೆಯೊಳಗಿನ ಅಂಕಣ 23.77 ಮೀಟರ್ ಉದ್ದ, ಡಬಲ್ಸ್‌ಗೆ 10.97 ಮೀಟರ್ ಅಗಲ. ಆದ್ರೆ ಆಟಗಾರರಿಗೆ ಓಡೋಕೆ ಬೇಸ್‌ಲೈನ್ ಹಿಂದೆ 6.40 ಮೀಟರ್, ಅಕ್ಕಪಕ್ಕ 3.66 ಮೀಟರ್ ಬಿಡಬೇಕು ಅನ್ನೋದು ಒಂದು ಸಾಮಾನ್ಯ ಲೆಕ್ಕ. ಕೂಡಿ ನೋಡಿದ್ರೆ ಗೆರೆಯೊಳಗಿನ ಜಾಗ ಒಟ್ಟು ಜಾಗದ ನೂರಕ್ಕೆ ನಲವತ್ತರಷ್ಟೂ ಇಲ್ಲ. ಉಳಿದದ್ದೆಲ್ಲಾ ಖಾಲಿ. ಆ ಖಾಲಿ ಇಲ್ಲದಿದ್ರೆ ಆಟವೇ ನಡೆಯೋದಿಲ್ಲ.

ನಮ್ಮ ಹಾಲ್ 12 ಅಡಿಗೆ 18 ಅಡಿ. ಪ್ಲಾನ್ ಪ್ರಕಾರ ಅದರಲ್ಲಿ ಎಲ್ ಆಕಾರದ ಸೋಫಾ, ಗಾಜಿನ ಟೀಪಾಯಿ, ಎರಡು ಸ್ಟೂಲು, ಟಿವಿ ಯೂನಿಟ್ಟು ಎಲ್ಲಾ ಇತ್ತು. ಅಷ್ಟೆಲ್ಲಾ ಇಟ್ಟಿದ್ರೆ ಹಬ್ಬಕ್ಕೆ ಬಂದ ನೆಂಟರು ಎಲ್ಲಿ ಪಂಕ್ತಿಯಲ್ಲಿ ಕೂರ್ತಿದ್ರು? ಶೇಂಗಾ ಬಿಡಿಸೋ ಕಾಲಕ್ಕೆ ರಾಶಿ ಎಲ್ಲಿ ಸುರೀತಿದ್ರು? ಎಲ್ ಸೋಫಾ ಬಿಟ್ವಿ. ಒಂದು ಸಣ್ಣ ಸೋಫಾ, ಹೊರಸು, ನಡುವೆ ಕಂಬಳಿ ಹಾಸು. ಕಿಟಕಿ ಪಕ್ಕದ ಮೂಲೆಯಲ್ಲಿ ಬೆಳಕು ಚೆನ್ನಾಗಿದೆ. ಅಲ್ಲಿ ಏನೂ ಇಡಲಿಲ್ಲ. ಈಗ ಅವ್ವನ ರಾಟೆ ಅಲ್ಲಿದೆ.

ಬಾಡಿಗೆ ಮನೆ, ಪಿಜಿಯಲ್ಲಿ ಇರೋರಿಗೆ

ಗೋಡೆ ಮುಟ್ಟಬಾರದು ಅನ್ನೋ ಓನರ್ ಇದ್ರೂ ಈ ಲುಕ್ ಸಾಧ್ಯ:

• ನಾಲ್ಕಡಿ ಪ್ಲೈವುಡ್ ಹಲಗೆಗೆ ಇಟ್ಟಿಗೆ ಬಣ್ಣ ಬಳಿದು, ಒಂದು ಬಿಳಿ ಗೆರೆ ಎಳೆದು ಮಂಚದ ತಲೆ ಕಡೆಗೆ ಒರಗಿಸಿ. ಮನೆ ಬಿಡೋವಾಗ ಹಲಗೆಯೂ ನಿಮ್ಮ ಜೊತೆ ಬರುತ್ತೆ.

• ಒಂದು ಕರಿ ಕಂಬಳಿಯನ್ನ ಕರ್ಟನ್ ರಾಡ್‌ಗೆ ಕ್ಲಿಪ್ ಹಾಕಿ ತೂಗಿದ್ರೆ ವಿಡಿಯೋ ಕಾಲ್‌ಗೆ ಅದೇ ಹಿನ್ನೆಲೆ.

• ಆಡಿ ಸವೆದ ಟೆನಿಸ್ ಬಾಲ್‌ಗಳನ್ನ ಬಿಸಾಕಬೇಡಿ. ಅಡ್ಡಲಾಗಿ ಸೀಳು ಹಾಕಿ ಕುರ್ಚಿಯ ಕಾಲಿಗೆ ತೊಡಿಸಿ. ಎಳೆದಾಗ ಸದ್ದಾಗೋದಿಲ್ಲ, ಟೈಲ್ಸ್ ಮೇಲೆ ಗೀರೂ ಬೀಳೋದಿಲ್ಲ. ಸೀಳೋವಾಗ ಚಾಕು ಜಾರುತ್ತೆ, ಜೋಪಾನ.

• ಹಳದಿ ಬಣ್ಣ ಇಡೀ ಕೋಣೆಯಲ್ಲಿ ಒಂದೇ ಕಡೆ ಇರಲಿ. ಒಂದು ಲ್ಯಾಂಪ್ ಅಥವಾ ಒಂದು ಕುಶನ್. ಅಂಕಣದಲ್ಲೂ ಒಂದು ಹೊತ್ತಿಗೆ ಆಡೋದು ಒಂದೇ ಚೆಂಡಿನಲ್ಲಿ ಅಲ್ವಾ?

ಕೊನೆಗೆ ಲೆಕ್ಕ

4.2 ಲಕ್ಷದ ಪ್ಲಾನ್ ಕೈಬಿಟ್ಟ ಮೇಲೆ ಹಾಲ್‌ಗೆ ನಾವು ಖರ್ಚು ಮಾಡಿದ್ದು 61 ಸಾವಿರ. ಅದರಲ್ಲಿ ದೊಡ್ಡ ಪಾಲು ಸಣ್ಣ ಸೋಫಾದ್ದು, ಆಮೇಲೆ ಕಂಬಳಿಯದ್ದು. ಗೋಡೆಗೆ ಆದದ್ದು ಮೇಸ್ತ್ರಿ ಕೂಲಿ ಮತ್ತು ಸುಣ್ಣದ ದುಡ್ಡು ಅಷ್ಟೇ. ಉಳಿದ ಹಣದಲ್ಲಿ ಒಂದು ಭಾಗ ಹಳೇ ಮನೆಗೆ ಹೋಯ್ತು. ಪೂರ್ತಿ ಮನೆ ಉಳಿಸೋಕಾಗಲಿಲ್ಲ. ಹಿಂದಿನ ಎರಡು ಅಂಕಣದ ತೊಲೆಗಳಿಗೆ ಗೆದ್ದಲು ಹಿಡಿದಿತ್ತು, ಒಡೆಸಬೇಕಾಯ್ತು. ಮಗ್ಗ ಇರೋ ಪಡಸಾಲೆಗೆ ಮೇಲೆ ಶೀಟ್ ಹಾಕಿಸಿದ್ವಿ. ಚೆಂದ ಕಾಣೋದಿಲ್ಲ, ಆದ್ರೆ ಸೋರೋದಿಲ್ಲ.

ಹಾಲ್‌ನ ಫೋಟೋ ನೋಡಿ ತಂಗಿಯ ಜೊತೆ ಟೆನಿಸ್ ಆಡೋ ಇಬ್ಬರು ಅದೇ ಥರದ ಹಾಸು ಬೇಕು ಅಂದಿದ್ದಾರೆ. ಅಪ್ಪ ಒಬ್ಬರದ್ದಷ್ಟೇ ಒಪ್ಪಿಕೊಂಡಿದ್ದಾರೆ. ಸೊಂಟ ನೋವು, ಗುಂಡಿಯಲ್ಲಿ ಬಹಳ ಹೊತ್ತು ಕೂರೋಕಾಗೋದಿಲ್ಲ. ಇನ್ನೊಂದನ್ನ ಪಕ್ಕದ ಊರಿನ ನೇಕಾರರಿಗೆ ವಹಿಸಿದ್ದಾರೆ. ಅಂಚಿನ ಗೆರೆ ಎರಡೇ ಇಂಚು ಇರಬೇಕು ಅಂತ ಹೇಳಿ, ಅಳತೆಗೆ ಒಂದು ಕಡ್ಡಿ ಮುರಿದು ಕಳಿಸಿದ್ದಾರೆ.

ಮುಂದಿನ ಸಲ ಯಾವುದೋ ದೂರದ ದೇಶದ ಸ್ಟೈಲ್ ನಿಮ್ಮ ಫೋನ್‌ನಲ್ಲಿ ಕಂಡು ಮನಸ್ಸಿಗೆ ಹಿಡಿಸಿದ್ರೆ, ‘ಬೈ ನೌ’ ಒತ್ತೋ ಮುಂಚೆ ಅದರಲ್ಲಿರೋ ಬಣ್ಣ ಯಾವುದು, ವಸ್ತು ಯಾವುದು ಅಂತ ಬಿಡಿಸಿ ನೋಡಿ. ಆಮೇಲೆ ಒಂದು ಸಲ ಊರಿಗೆ ಹೋಗಿ ಅಟ್ಟ ಹತ್ತಿ. ಅಲ್ಲಿ ಸುತ್ತಿಟ್ಟಿರೋದನ್ನ ನೇಯ್ದವರು ಯಾರು ಅಂತ ಅವ್ವನ ಹತ್ರ ಕೇಳಿಕೊಳ್ಳಿ. ಅವರು ಇನ್ನೂ ನೇಯ್ತಿದ್ರೆ ಆರ್ಡರ್ ಕೊಡೋಕೆ ತಡ ಮಾಡಬೇಡಿ.